ಸುರಕ್ಷಾಳ ಡಬ್ಬಿ

ಗುತ್ತಿಗಾರು, ಬುಧವಾರ

ಅಕ್ಕಾ,
ಜ್ವರ ಬಿಟ್ಟಿದೆ, ಚಿಂತಿಸಬೇಡ. ಹಣ್ಣುನೊಣಗಳನ್ನು ಸೆಳೆಯಲು ನಾನು ಮೂರು ವರ್ಷ ಲ್ಯಾಬಿನಲ್ಲಿ ಬೆರೆಸಿದ ವಾಸನೆಯ ಮದ್ದನ್ನು ಡಬ್ಬಿಗೆ ಹಾಕಿ, ಇಲ್ಲಿನ ದುಗ್ಗಮ್ಮನವರ ಹೀರೆ ಚಪ್ಪರಕ್ಕೆ ಕಟ್ಟಿದ್ದೆ. ಪಕ್ಕದಲ್ಲೇ ಸುರಕ್ಷಾ ತಾನೇ ಬೆರೆಸಿದ ಮದ್ದಿನ ಡಬ್ಬಿ. ಅವಳು ನಮ್ಮ ಲ್ಯಾಬಿಗೆ ಸೇರಿ ಎಂಟೇ ತಿಂಗಳು. ಬೆಳಿಗ್ಗೆ ತೆರೆದರೆ ನನ್ನದರಲ್ಲಿ ಒಂಬತ್ತು ನೊಣ, ಅವಳದರಲ್ಲಿ ಕತ್ತಿನವರೆಗೆ ಕಂದು ರಾಶಿ!

"ಎಂತ ಮಾರಾಯ್ರೆ, ನಿಮ್ಮದರ ಹತ್ರ ನೊಣ ಹೋಗುದೇ ಇಲ್ಲ?" ಎಂದರು ದುಗ್ಗಮ್ಮ.

ಹೊಟ್ಟೆ ಉರಿಯಿತು. ಅವರು ಒಳಗೆ ಹೋದೊಡನೆ ಡಬ್ಬಿಗಳ ಹೆಸರಿನ ಚೀಟಿ ಅದಲುಬದಲು ಮಾಡಿದೆ. ಆಮೇಲೆ ಬಂದ ಸುರಕ್ಷಾ ಚೀಟಿ ಓದಿ, "ಮೇಡಂ, ನಿಮ್ದೇ ಗೆದ್ದದ್ದು!" ಎಂದು ನನ್ನನ್ನು ಅಪ್ಪಿಕೊಂಡಳು. ತಡೆಯಲಾಗದೆ ನಿಜ ಹೇಳಿಬಿಟ್ಟೆ. ಅವಳು ಬೈಯಲಿಲ್ಲ, ಮೆಲ್ಲಗೆ ಚೀಟಿ ಸರಿಮಾಡಿದಳು. ಗೆಲುವಿನ ಜೊತೆ ಒಳ್ಳೆಯತನವೂ ಅವಳದೇ ಆಯಿತು. ಈಗ ಅದಕ್ಕೂ ಹೊಟ್ಟೆಯುರಿ.

ಬಸ್ಸು ಬಂತು.
ನಿನ್ನ ತಂಗಿ ಶಿವಲೀಲಾ