ಕೆಸರಿಗೆ ಸುರಿದ ನೀರು

೧೧ ಏಪ್ರಿಲ್ ೨೦೨೫, ಶುಕ್ರವಾರ, ಎಚ್.ಡಿ. ಕೋಟೆ

ಬೊಮ್ಮಮ್ಮ ಕೇಳಿದ ಮಾತು ತಲೆಯಿಂದ ಹೋಗುತ್ತಿಲ್ಲ.

ಭಾನುವಾರ ನಮ್ಮ ಜೀಪ್ ಕ್ಲಬ್ಬಿನ ಆಫ್‌ರೋಡ್ ಕೂಟ, ಕೆಸರಲ್ಲಿ ಜೀಪು ಓಡಿಸುವ ಆಟ. ಕಾಡ್ಗಿಚ್ಚಿನಲ್ಲಿ ಮನೆ ಕಳೆದುಕೊಂಡ, ಪಕ್ಕದ ಹಾಡಿಯ ಆದಿವಾಸಿಗಳಿಗೆ ಸೂರು ಹಾಕಿಸಲು ದುಡ್ಡು ಎತ್ತುವುದಕ್ಕೇ ಇದೆಲ್ಲ. ಬಿಸಿಲಿಗೆ ನೆಲ ಕಲ್ಲಾಗಿದೆ. ಕೆಸರಿಲ್ಲದಿದ್ದರೆ ಮೈಸೂರಿನ ಜೀಪುಗಳು ಬರುವುದಿಲ್ಲ, ಅವರು ಕಟ್ಟುವ ಶುಲ್ಕವೂ ಬರುವುದಿಲ್ಲ. ಅದಕ್ಕೇ ಇವತ್ತು ಗೆಳೆಯ ಶಿವಶಂಕರನ ಹೊಲದಲ್ಲಿ ಗುಂಡಿ ತೋಡಿಸಿ ಟ್ಯಾಂಕರ್ ನೀರು ಸುರಿಸಿದೆ. ಭೂಮಿ ಕುಡಿಯುತ್ತಲೇ ಇತ್ತು. ಮೂರನೇ ಟ್ಯಾಂಕರ್ ಖಾಲಿಯಾಗುವಾಗ ಹಾಡಿಯಿಂದ ಬೊಮ್ಮಮ್ಮ ಬಂದರು. ಅವರ ಗುಡಿಸಲೂ ಸುಟ್ಟಿದೆ. ಗುಂಡಿ ನೋಡಿ, "ಬೆಂಕಿ ಬಿದ್ದ ದಿನ ಈ ನೀರೆಲ್ಲ ಎಲ್ಲಿತ್ತಪ್ಪಾ ಶಕೀಲ್?" ಅಂದರು.

ಅವರ ದನಿಯಲ್ಲಿ ಕೋಪವಿರಲಿಲ್ಲ. ನಾನು ಪೈಪು ಸರಿಮಾಡುವವನಂತೆ ಬಗ್ಗಿದೆ.

ಶಿವಶಂಕರನಿಗೆ ಹೇಳಿದರೆ, "ಕೆಸ್ರಿಲ್ದೆ ಕಾಸು ಎಲ್ಲಿಂದ್ಲಾ ಬತ್ತದೆ? ತಲೆ ಕೆಡಿಸ್ಕೋಬ್ಯಾಡ ಬುಡು" ಅಂದ. ಅವನ ಮಾತೂ ಸರಿ. ನಿಲ್ಲಿಸಿದರೆ ಸೂರಿಲ್ಲ. ಸುರಿದರೆ ಆ ಹಾಡಿಗೆ ಯಾವ ಮುಖ ಹೊತ್ತು...

ಈಗಷ್ಟೇ ಟ್ಯಾಂಕರಿನ ಅರಾಫತ್ ಫೋನ್ ಮಾಡಿದ್ದ. "ಭಾಯ್, ಬೆಳಿಗ್ಗೆ ಎಷ್ಟೊತ್ಗೆ ಬರ್ಲಿ?"

ಆರಕ್ಕೆ ಬಾ ಅಂದೆ. ಕೆಸರಿಗೆಂದು ಹೊಲಕ್ಕೋ, ಕುಡಿಯಲೆಂದು ಹಾಡಿಗೋ, ಅದನ್ನು ಹೇಳಲೇ ಇಲ್ಲ.