ಸ್ಕೇಲಿನ ಏಟಿಗೆ ಕಲಿತ ದುವಾ

ಅಬ್ಬಾ,

ನೀವು ಮಣ್ಣು ಸೇರಿ ಒಂಬತ್ತು ವರ್ಷ ಆಯ್ತು. ನನ್ನ ಸಿಟ್ಟು ಮಾತ್ರ ಆರಿಲ್ಲ. ಇವತ್ತಂತೂ ಉರಿಯೋ ಬೆಂಕಿಗೆ ತುಪ್ಪ ಬಿತ್ತು.

ಐವತ್ತರ ಹತ್ತಿರ ಬಂದ ಮೇಲೆ ಅರಬ್ಬಿ ಕಲಿಯೋಕೆ ಹೋಗ್ತಿದ್ದೀನಿ. ಕುರ್‌ಆನ್ ಓದಿದರೆ ಅರ್ಥ ಆಗಲೇಬೇಕು ಅನ್ನೋ ಹಟ. ಇವತ್ತು ಟೀಚರಮ್ಮ, ನಾನು ದಿನಾ ನಮಾಜಿನ ಕೊನೆಗೆ ಹೇಳೋ ದುವಾವನ್ನೇ ಬೋರ್ಡಿನ ಮೇಲೆ ಬರೆದು ಒಂದೊಂದೇ ಪದ ಬಿಡಿಸಿದರು. ನೀವು ಹೊಲಿಗೆ ಅಂಗಡಿಯಲ್ಲಿ ಕೂರಿಸಿ, ಬಟ್ಟೆ ಅಳೆಯೋ ಮರದ ಸ್ಕೇಲಿನಿಂದ ಬೆರಳ ಗೆಣ್ಣಿಗೆ ಹೊಡೆದು ಕಲಿಸಿದ್ದೇ ಅದು. "ಇದರ ಅರ್ಥ ಏನಬ್ಬಾ?" ಅಂದಿದ್ದಕ್ಕೆ ಇನ್ನೊಂದು ಏಟು. "ಅರ್ಥ ತಗೊಂಡು ನೀನೇನು ಮಾಡ್ತೀಯ? ಉಚ್ಚಾರ ಸರಿ ಮಾಡ್ಕೋ."

ಹೆತ್ತವರ ಮೇಲೆ ದಯೆ ಇಡು ಅಂತ ಅಲ್ಲಾಹನನ್ನ ಕೇಳೋ ದುವಾ ಅಂತೆ!

ನನ್ನ ಓದು ಬಿಡಿಸಿ ಹೊಲಿಗೆ ಮಿಷನ್ನಿಗೆ ಕೂರಿಸಿದವರು ನೀವು. ಮನೆ ಬಿಟ್ಟ ದಿನ ಹೊಸ್ತಿಲಲ್ಲೇ ನಿಂತು, ನಿಮಗೋಸ್ಕರ ಅಲ್ಲಾಹನ ಹತ್ರ ಒಂದು ಮಾತೂ ಕೇಳಲ್ಲ ಅಂದಿದ್ದೆ. ಸತ್ತಾಗ ಮುಖ ನೋಡೋಕೂ ಬರಲಿಲ್ಲ. ಆದರೆ ಇಷ್ಟೂ ವರ್ಷ ದಿನಕ್ಕೆ ಐದು ಸಲ ನಿಮಗಾಗಿ ಕೈಯೊಡ್ಡಿದ್ದೀನಿ! ನನ್ನ ಬಾಯಿ, ನನ್ನನ್ನೇ ಕೇಳದೆ. ಅರ್ಥ ಗೊತ್ತಿದ್ದೂ ಮುಚ್ಚಿಟ್ಟಿರಾ? ಇಲ್ಲಾ, ನೀವೂ ಯಾರದೋ ಏಟಿಗೇ ಕಲಿತಿದ್ದಿರಾ?

ಇವತ್ತು ನಮಾಜಿನ ಕೊನೆಗೆ ಬೇಕಂತಲೇ ಆ ದುವಾ ಬಿಟ್ಟು, ಚಾಪೆ ಮಡಿಸಿ ಎದ್ದೆ. ಆಮೇಲೆ ಪಾತ್ರೆ ತಿಕ್ಕುವಾಗ ಬಾಯಿ ತಾನಾಗೇ ಹೇಳಿಬಿಡ್ತು.

ಉಚ್ಚಾರ ಒಂದೂ ತಪ್ಪಿರಲಿಲ್ಲ.