ಕರಿ ಎಳ್ಳು ಹಚ್ಚಿದ ರೊಟ್ಟಿ

ವಳಸಂಗ
ಶುಕ್ರವಾರ, ಮೇ ೨೩

ಸೋನುಳ ಅಪ್ಪನವರಿಗೆ,

ನಾವು ಆರಾಮ ಇದ್ದೇವೆ. ನೀವು ಆರಾಮ ಇದ್ದೀರಾ ಎಂದು ಕೇಳುವುದಿಲ್ಲ. ಕೇಳಿದರೆ ಸುಳ್ಳು ಹೇಳುತ್ತೀರಿ. ಫೋನಿನಲ್ಲಿ ನಗಿಸಿಬಿಡುತ್ತೀರಿ, ನನಗೆ ಮಾತು ಮರೆತುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಬುಧವಾರ ಸಂಜೆ ಮಾಲವಣದಿಂದ ಫೋನ್ ಮಾಡಿದಿರಿ. ಸಮುದ್ರದಲ್ಲಿ ಚಂಡಮಾರುತ ಎದ್ದಿದೆ, ಬಂದರಿನಲ್ಲಿ ಕೆಂಪು ಬಾವುಟ ಏರಿಸಿದ್ದಾರೆ, ಪ್ರವಾಸಿಗಳಿಗೆ ಮೀನು ತೋರಿಸುವ ಕೆಲಸ ಬಂದ್ ಅಂದಿರಿ. 'ಮುಂಜಾನಿಂದ ರೂಮಿನ್ಯಾಗ ಮಲಗೀನಿ, ಬೆನ್ನ ನೋಯಾಕತ್ತೇತಿ' ಅಂತ ನಕ್ಕಿರಿ. ನಾನೂ ನಕ್ಕೆ. ಅತ್ತೆಯವರು ದೇವರ ದೀಪಕ್ಕೆ ಇನ್ನಷ್ಟು ಎಣ್ಣೆ ಹಾಕಿದರು.

ನಿನ್ನೆ ಪಕ್ಕದ ಮನೆಯ ಕಾಜಲ ಓಡಿ ಬಂದಳು. 'ವೈನಿ, ಅಣ್ಣ ಮೊಬೈಲಿನ್ಯಾಗ ಬಂದಾನ ನೋಡ್ರಿ, ಹೀರೋ ಆಗ್ಯಾನ!' ಯಾರೋ ಪ್ರವಾಸಿಗಳು ತೆಗೆದ ವಿಡಿಯೋ. ನೀರೊಳಗೆ ಹವಳದ ಬಂಡೆ. ಹಳದಿ ಮೈಗೆ ಕರಿ ಪಟ್ಟೆಯ ಮೀನು, ಗಿಳಿಯಂಥ ಹಸಿರು ಮೀನು. ಸೋನು ಚಪ್ಪಾಳೆ ತಟ್ಟಿದಳು. ಆಮೇಲೆ ದೋಣಿಯ ಮೇಲೆ ನೀವು. ಹಿಂದೆ ಆಕಾಶ ಹಂಚಿನ ತಳದ ಹಾಗೆ ಕಪ್ಪು. ಅಂಥಾದ್ದರಲ್ಲಿ ರೊಟ್ಟಿ ಮುರಿದು ಮುರಿದು ನೀರಿಗೆ ಎಸೆಯುತ್ತ, ಪಾವ್ ಬ್ರೆಡ್ಡು ಕರಗಿಹೋಗುತ್ತದೆ, ನಮ್ಮ ಸೋಲಾಪುರದ ಖಡಕ್ ರೊಟ್ಟಿಗೇ ಮೀನು ನಿಲ್ಲುತ್ತವೆ ಎಂದು ಮರಾಠಿಯಲ್ಲಿ ಬಡಾಯಿ ಬೇರೆ.

ಹಳೆಯ ವಿಡಿಯೋ ಅನ್ನಬೇಡಿ. ಬಿಳಿ ಎಳ್ಳು ಮುಗಿದಿತ್ತೆಂದು ಈ ಸಲ ಮೊದಲ ಬಾರಿ ಕರಿ ಎಳ್ಳು ಹಚ್ಚಿ ರೊಟ್ಟಿ ಬಡಿದಿದ್ದೆ. ಮಂಗಳವಾರ ಸೋಲಾಪುರದಲ್ಲಿ ಬಸ್ಸಿಗೆ ಕೊಟ್ಟ ಗಂಟು ಬುಧವಾರ ಮುಂಜಾನೆ ಮುಟ್ಟಿತು ಎಂದು ನೀವೇ ಹೇಳಿದ್ದೀರಿ. ನಿಮ್ಮ ಕೈಯಲ್ಲಿದ್ದದ್ದು ಅದೇ ರೊಟ್ಟಿ.

ರೊಟ್ಟಿ ಹೋದರೆ ಹೋಗಲಿ. ಬಾವುಟ ಏರಿದ ಮೇಲೆ ನೀರಿಗೆ ಯಾಕೆ ಹೋದಿರಿ? ದೋಣಿಯ ಮಾಲಕ ಹೇಳಿದ ಅನ್ನುತ್ತೀರಿ. ಮಾಲಕ ಆ ದೋಣಿಯಲ್ಲಿ ಕಾಣಲಿಲ್ಲ. ನೀವು ಈಜು ಕಲಿತದ್ದು ನಮ್ಮೂರ ಬಾವಿಯಲ್ಲಿ. ಬಾವಿಯಲ್ಲಿ ಕೈ ಸೋತರೆ ಕಲ್ಲು ಸಿಗುತ್ತದೆ. ಅಲ್ಲಿ ಏನು ಹಿಡಿಯುತ್ತೀರಿ, ಆ ಹಳದಿ ಮೀನಿನ ಬಾಲವೇ?

ನೀವು ಮುಳುಗಿಹೋಗಿದ್ದರೂ, ರೂಮಿನಲ್ಲಿ ಮಲಗಿದ್ದಾರೆ ಎಂದುಕೊಂಡು ನಾನು ಇಲ್ಲಿ ನಗುತ್ತಲೇ ಇರುತ್ತಿದ್ದೆ. ಅದನ್ನು ನಾನು ಕ್ಷಮಿಸುವುದಿಲ್ಲ.

ಕೆಲಸ ಬಿಡಿ ಎನ್ನುವುದಿಲ್ಲ. ಬಾವುಟ ಇದ್ದಾಗ ಬರುವುದಿಲ್ಲ ಎಂದು ಮಾಲಕನಿಗೆ ಹೇಳಿ. ಹೇಳಲು ಆಗದಿದ್ದರೆ ನನ್ನನ್ನೂ ಸೋನುಳನ್ನೂ ಕೂಡಿಸಿಕೊಂಡು ದೋಣಿ ಹತ್ತಿ.

ನಿಮ್ಮ ಮೇಲೆ ಸಿಟ್ಟಾಗಿರುವ
ನಂದಾ

ತಾ.ಕ.: ಪೋಸ್ಟಿಗೆ ಹಾಕಲು ಹೋದವಳು ಹಾಕಲಿಲ್ಲ. ಅಕ್ಕಲಕೋಟದ ತವರಿಗೆ ಹೋಗುತ್ತೇನೆಂದು ಅತ್ತೆಯವರಿಗೆ ನಾನೂ ಸುಳ್ಳು ಹೇಳಿ ಬಸ್ ಹತ್ತಿದೆ. ಇವತ್ತು ಶನಿವಾರ, ಮಾಲವಣದ ಬಂದರಿನ ಕಟ್ಟೆಯ ಮೇಲೆ ಕುಳಿತಿದ್ದೇನೆ. ಹನ್ನೊಂದು ಮಂದಿಗೆ ದಾರಿ ಕೇಳಿದೆ. ಸೋನು ತೊಡೆಯ ಮೇಲೆ ನಿದ್ದೆ ಹೋಗಿದ್ದಾಳೆ. ಬಾವುಟ ಇನ್ನೂ ಇಳಿದಿಲ್ಲ. ನಿಮ್ಮ ದೋಣಿ ದಂಡೆಯಲ್ಲಿಲ್ಲ. ಮಾಲಕನನ್ನು ಕೇಳಿದೆ, ಬರುತ್ತಾನೆ ಬರುತ್ತಾನೆ ಎಂದು ಮೊಬೈಲ್ ನೋಡುತ್ತಲೇ ಹೇಳಿದ. ಈ ಕಾಗದ ನಿಮ್ಮ ಕೈಯಲ್ಲೇ ಕೊಡಬೇಕು. ಲಗೂನ ಬರ್ರಿ.